ಮದ್ದಿನ ಗಿಡಕ್ಕೆ ಮ್ಯಾಪ್ ಬೇಕು, ಆದರೆ ಪಿನ್ ಎಲ್ಲರಿಗೂ ಬೇಡ

ಆಗಸ್ಟ್ 3, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟು ಬಂತೆಂದರೆ ಫೇಸ್‌ಬುಕ್ ತುಂಬ ಮದ್ದುಸೊಪ್ಪು ಅನ್ನೋ ಔಷಧಿ ಗಿಡದ ನೇರಳೆ ಪಾಯಸ. ಅದರ ಬೆನ್ನಿಗೇ "ಕೊಡಗಿನ ಔಷಧಿ ಗಿಡಗಳನ್ನೆಲ್ಲ ಮ್ಯಾಪ್ ಮಾಡಬೇಕು" ಅನ್ನೋ ಮಾತು. ಮಾಡಲೇಬೇಕು. ಆದರೆ ಸಿಕ್ಕ ಕಡೆಯೆಲ್ಲ ಪಿನ್ ಚುಚ್ಚಿ ಲಿಂಕ್ ಹಂಚೋದಕ್ಕೆ ನನ್ನ ತಕರಾರಿದೆ.

ಸಲಕರಣೆಗೆ ಖರ್ಚಿಲ್ಲ. ಮ್ಯಾಪ್ ಮಾಡುವ ತಂತ್ರಾಂಶ ಕಂಪ್ಯೂಟರಿಗೆ ಕ್ಯೂಜಿಐಎಸ್, ಮೊಬೈಲಿಗೆ ಕ್ಯೂಫೀಲ್ಡ್, ಎರಡೂ ಉಚಿತ. ಹಿನ್ನೆಲೆಯ ಮ್ಯಾಪನ್ನು (ಬೇಸ್‌ಮ್ಯಾಪ್) ಮನೆಯಲ್ಲೇ ಇಳಿಸಿಕೊಳ್ಳಿ, ಕಾಡಿನಲ್ಲಿ ನೆಟ್‌ವರ್ಕ್ ನಂಬಬೇಡಿ. ಬ್ರಹ್ಮಗಿರಿ, ಪುಷ್ಪಗಿರಿಯಂಥ ಅಭಯಾರಣ್ಯಕ್ಕೆ ಅರಣ್ಯ ಇಲಾಖೆಯ ಅನುಮತಿ ಮೊದಲು.

ದಟ್ಟ ನೆರಳಿನಲ್ಲಿ ಜಿಪಿಎಸ್ ಸಿಗ್ನಲ್ ಮರಗಳಿಗೆ ಬಡಿದು ಬರುತ್ತದೆ. 15-20 ಮೀಟರ್ ತಪ್ಪು ಮಾಮೂಲು. ತೋಡಿನ ಈ ದಡದ ಬಳ್ಳಿ ಮ್ಯಾಪಿನಲ್ಲಿ ಆ ದಡಕ್ಕೆ ಹೋಗುತ್ತದೆ. ಎರಡು ಮೂರು ನಿಮಿಷ ನಿಂತು, ಮೊಬೈಲ್ ತೋರಿಸುವ ತಪ್ಪಿನ ಅಂಕಿ 10 ಮೀಟರಿಗಿಂತ ಕೆಳಗಿಳಿದ ಮೇಲೆ ಉಳಿಸಿ. ಇಳಿಯದಿದ್ದರೆ ಆ ಅಂಕಿಯನ್ನೇ ಒಂದು ಕಾಲಂನಲ್ಲಿ ಬರೆದಿಡಿ.

ಅಕ್ಷಾಂಶ ರೇಖಾಂಶ ಅದಲುಬದಲಾದರೆ ಮದ್ದುಸೊಪ್ಪು ಉತ್ತರ ಧ್ರುವದ ಕಡೆಯ ಸಮುದ್ರದಲ್ಲಿ ಬೆಳೆಯುತ್ತದೆ! ಅದು ಕೂಡಲೇ ಕಣ್ಣಿಗೆ ಬೀಳುವುದರಿಂದ ಅಪಾಯವಿಲ್ಲ. ಕಾಣದ ತಪ್ಪು ಬೇರೆ: 12 ಡಿಗ್ರಿ 25 ನಿಮಿಷ 30 ಸೆಕೆಂಡನ್ನು 12.2530 ಅಂತ ಟೈಪ್ ಮಾಡುವುದು. 60 ನಿಮಿಷಕ್ಕೆ ಒಂದು ಡಿಗ್ರಿಯಾದ್ದರಿಂದ ಸರಿಯಾದದ್ದು 12.4250. ಮಡಿಕೇರಿಯ ಗಿಡ ಸುಮಾರು 19 ಕಿಲೋಮೀಟರ್ ದಕ್ಷಿಣಕ್ಕೆ ಜಾರಿರುತ್ತದೆ. ಅಲ್ಲೂ ತೋಟವೇ ಇರುವುದರಿಂದ ಯಾರಿಗೂ ಅನುಮಾನ ಬರಲ್ಲ.

ಗಿಡಕ್ಕೆ ಊರಲ್ಲಿ ಕರೆಯುವ ಹೆಸರೊಂದನ್ನೇ ಬರೆದರೂ ಕೆಟ್ಟಿತು. ಶಾಲೆ ಕಾಂಪೌಂಡಿನ ಉದ್ದನೆಯ ಮರವನ್ನೂ ಅಶೋಕ ಅಂತಾರೆ. ಮದ್ದಿನ ಅಶೋಕದ ಒಂದು ಎಲೆಯಲ್ಲಿ ಜೋಡಿ ಜೋಡಿ ಕಿರುಎಲೆ, ಹೂವು ಕಿತ್ತಳೆ-ಕೆಂಪು, ಚಿಗುರು ಜೋತುಬಿದ್ದಿರುತ್ತದೆ. ಎಲೆಯ ಎರಡೂ ಬದಿ, ಹೂವು ಅಥವಾ ಕಾಯಿ, ತೊಗಟೆ: ಇಷ್ಟರ ಫೋಟೋ ಇಲ್ಲದ ದಾಖಲೆಯನ್ನು ನಾನಂತೂ ಲೆಕ್ಕಕ್ಕೆ ಹಿಡಿಯಲ್ಲ.

ಹುಡುಕಿಯೂ ಸಿಗದ ಜಾಗವನ್ನೂ ಗುರುತು ಹಾಕಿ. ಇಲ್ಲದಿದ್ದರೆ ಗಿಡವೆಲ್ಲ ರಸ್ತೆ ಬದಿಯಲ್ಲೇ ಬೆಳೆಯುತ್ತದೆ ಅಂತ ಮ್ಯಾಪ್ ಹೇಳುತ್ತದೆ. ನಾವು ನಡೆದದ್ದು ಅಲ್ಲೇ ತಾನೆ.

ಇನ್ನು ಹಂಚುವ ವಿಷಯ. ಸರ್ಪಗಂಧವನ್ನು ಕೀಳುವುದು ಬೇರಿಗೆ, ಮರದರಿಶಿನದ ಬಳ್ಳಿ ಕಡಿಯುವುದು ಕಾಂಡಕ್ಕೆ. ನಿಖರ ಪಿನ್ ಕೊಟ್ಟರೆ ಕೀಳುವವರಿಗೆ ದಾರಿ ತೋರಿಸಿದ ಹಾಗೆ. ಅಕ್ಷಾಂಶ ರೇಖಾಂಶದ ಪೂರ್ತಿ ಅಂಕಿ ಪಂಚಾಯ್ತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯಲ್ಲಿರಲಿ. 2002ರ ಜೀವವೈವಿಧ್ಯ ಕಾಯ್ದೆ ಅದನ್ನು ಮಾಡಿರುವುದೇ ಇಂಥ ದಾಖಲೆಗೆ. ಹೊರಗಿನ ಮ್ಯಾಪಿಗೆ ದಶಾಂಶದ ನಂತರ ಎರಡೇ ಅಂಕಿ ಸಾಕು, ಸುಮಾರು ಒಂದು ಕಿಲೋಮೀಟರಿನ ಚೌಕ ಅಷ್ಟೇ ಕಾಣುತ್ತದೆ. ಫೋಟೋವನ್ನು ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಮಾಡಿ ಕಳಿಸಿದರೆ ಅದರೊಳಗಿನ ಲೊಕೇಶನ್ ಕೂಡ ಅವರಿಗೆ ತಲುಪುತ್ತದೆ. ಕಳಿಸುವ ಮುಂಚೆ ಅದನ್ನು ಅಳಿಸಿ.