ತನ್ನ ನುಡಿಯಲ್ಲಿ ಒಂದು ಸಾಲು

ವೀರಗಲ್ಲುಗಳನ್ನು ನೋಡುತ್ತ ಬೆಳೆದ ನನಗೆ, ಇಂಗ್ಲೆಂಡಿನಲ್ಲಿ ನೆಲೆಸಿದ ಮೇಲೆ ಮೊದಲ ಬಾರಿ ರೋಮನ್ ಸೈನಿಕನೊಬ್ಬನ ಸಮಾಧಿಗಲ್ಲಿನ ಬರಹವನ್ನು ಓದಿ ತಿಳಿದಾಗ ನಿರಾಸೆಯೇ ಆಯಿತು. ಹೆಸರು, ತಂದೆಯ ಹೆಸರು, ಹುಟ್ಟಿದ ನಾಡು, ಸೇರಿದ್ದ ಪಡೆ, ವಯಸ್ಸು, ಸೇವೆಯ ವರ್ಷಗಳು, ಕಲ್ಲು ನಿಲ್ಲಿಸಿದವರು ಯಾರು ಎಂಬ ವಿವರ, ಇಷ್ಟೇ. ಸೈನಿಕ ಹೇಗೆ ಸತ್ತನೆಂಬುದನ್ನು ಇಂಥ ಕಲ್ಲುಗಳು ಸಾಮಾನ್ಯವಾಗಿ ಹೇಳುವುದಿಲ್ಲ. ನಮ್ಮ ವೀರಗಲ್ಲಾದರೋ ಸಾವಿನ ಗಳಿಗೆಯಿಂದಲೇ ಮಾತು ತೆಗೆಯುತ್ತದೆ: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ, ಸೂರ್ಯಚಂದ್ರರು. ತುರುಗೊಳಿನಲ್ಲಿ ಊರಿನ ದನಗಳನ್ನು ಮರಳಿಸಲು ಹೋಗಿ ಮಡಿದವನು ಎಲ್ಲಿಯವನೆಂದು ಯಾರಿಗೂ ವಿವರಿಸಬೇಕಾಗಿರಲಿಲ್ಲ. ಕಲ್ಲು ನಿಂತ ನೆಲದವರು ಅವನನ್ನು ಬಲ್ಲವರೇ ಆಗಿರುತ್ತಿದ್ದರು.

ರೋಮನ್ ಕಲ್ಲು ನಿಂತದ್ದು ಅಪರಿಚಿತ ನೆಲದಲ್ಲಿ. ಇದು ನನಗೆ ಹೊಳೆದದ್ದು ಕಾಲ್‌ಚೆಸ್ಟರಿನಲ್ಲಿ, 1928ರಲ್ಲಿ ದೊರೆತ ಲಾಂಗಿನಸ್‌ನ ಕಲ್ಲಿನ ಮುಂದೆ. ಥ್ರೇಸಿಯನ್ನರ ಮೊದಲನೆಯ ಕುದುರೆಪಡೆಯಲ್ಲಿ ಇಮ್ಮಡಿ ಸಂಬಳದ ಹುದ್ದೆಯಲ್ಲಿದ್ದ ಈತನ ತವರು, ಇಂದಿನ ಬಲ್ಗೇರಿಯಾದ ಸೋಫಿಯಾ ಇರುವ ಸಾರ್ಡಿಕಾ ಸೀಮೆ. ವಯಸ್ಸು 40, ಸೇವೆ 15 ವರ್ಷ. ಲಾಂಗಿನಸ್ ಎಂಬ ಹೆಸರು ರೋಮನ್ನರದು, ತಂದೆ ಥ್ರೇಸಿಯನ್ ಹೆಸರಿನ ಮ್ಯಾಟಿಗಸ್. ಉಯಿಲಿನಂತೆ ವಾರಸುದಾರರು ಕಲ್ಲು ಮಾಡಿಸಿದರೆಂದೂ ಬರೆದಿದೆ. ಆ ಕಾಲದ ಸೈನಿಕರು ಕಾನೂನಿನ ಪ್ರಕಾರ ಮದುವೆಯಾಗುವಂತಿರಲಿಲ್ಲವಾದ್ದರಿಂದ ವಾರಸುದಾರರೆಂದರೆ ಎಷ್ಟೋ ಬಾರಿ ಜೊತೆಗೆ ದುಡಿದವರೇ. ನಮ್ಮಲ್ಲಿ ಮಡಿದವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಭೂಮಿ ಬಿಡುತ್ತಿದ್ದರು, ಊರು ಆ ಋಣವನ್ನು ಹೊರುತ್ತಿತ್ತು. ಅಲ್ಲಿ ಆ ಹೊಣೆ ಪಡೆಯ ಒಡನಾಡಿಗಳದಾಗಿತ್ತು. ಇಂಥ ಕಲ್ಲುಗಳನ್ನು ಹೊರನಾಡಿನವನೊಬ್ಬ ರೋಮನ್ನನಾಗಿ ಕರಗಿಹೋದುದಕ್ಕೆ ಸಾಕ್ಷಿ ಎಂದು ಓದುವವರ ಮಾತನ್ನು ನಾನು ಒಪ್ಪಲಾರೆ. ಕರಗಿಹೋದವನಿಗೆ ಸಾರ್ಡಿಕಾದ ಹೆಸರು ಏಕೆ ಬೇಕಿತ್ತು?

ಅದೇ ಕಲ್ಲಿನಲ್ಲಿ ಕುದುರೆಯ ಕಾಲಡಿ ಬೆತ್ತಲೆಯಾಗಿ ಮುದುಡಿದ ಶತ್ರುವೊಬ್ಬನಿದ್ದಾನೆ, ಅವನಿಗೆ ಹೆಸರಿಲ್ಲ. ಸವಾರ ಲಾಂಗಿನಸ್‌ನ ಮುಖವನ್ನು ಕ್ರಿ.ಶ. 60-61ರಲ್ಲಿ ರೋಮನ್ನರ ವಿರುದ್ಧ ಎದ್ದ ಬ್ರಿಟನ್ನಿನ ರಾಣಿ ಬೌಡಿಕಾಳ ಬಂಡಾಯಗಾರರು ಒಡೆದರೆಂದು ಬಹುಕಾಲ ನಂಬಲಾಗಿತ್ತು; 1996ರಲ್ಲಿ ಅದೇ ಜಾಗದಲ್ಲಿ ಮುಖದ ತುಣುಕು ಸಿಕ್ಕಿದ ಮೇಲೆ ಆ ಕಥೆ ನಿಲ್ಲಲಿಲ್ಲ. ಗೆದ್ದವರ ಸ್ಮಾರಕವನ್ನು ಓದುವಾಗ ಸೋತವರ ಮೇಲೆ ಎಷ್ಟು ಸುಲಭವಾಗಿ ತಪ್ಪು ಹೊರಿಸುತ್ತೇವೆ ಎಂದು ನನಗೆ ನೋವಾಗುತ್ತದೆ.

ನನ್ನನ್ನು ಮತ್ತೆ ಮತ್ತೆ ಕರೆಯುವ ಕಲ್ಲು ಸೈನಿಕನದಲ್ಲ, ಆದರೆ ಕೋಟೆಯ ಮಗ್ಗುಲಲ್ಲೇ ಬದುಕಿದ ಹೆಂಗಸಿನದು. ಟೈನ್ ನದಿ ಕಡಲು ಸೇರುವ ಸೌತ್ ಶೀಲ್ಡ್ಸ್‌ನಲ್ಲಿ 1878ರಲ್ಲಿ ಸಿಕ್ಕಿದ ಇದರಲ್ಲಿ ರೆಜಿನಾ ಹೆಣೆದ ಕುರ್ಚಿಯ ಮೇಲೆ ಕುಳಿತಿದ್ದಾಳೆ. ಮಡಿಲಲ್ಲಿ ಕದಿರು, ಪಕ್ಕದ ಬುಟ್ಟಿಯಲ್ಲಿ ಉಣ್ಣೆಯ ಉಂಡೆಗಳು. ದಕ್ಷಿಣ ಬ್ರಿಟನ್ನಿನ ಕಟುವೆಲೌನಿ ಜನಾಂಗದವಳು, 30ರ ಹರೆಯದಲ್ಲಿ ತೀರಿಕೊಂಡವಳು. ಕಲ್ಲು ನಿಲ್ಲಿಸಿದವನು ಸಿರಿಯಾದ ಪಾಲ್ಮೀರದ ಬರಾಟೆಸ್. ಅವಳು ಅವನ ಹೆಂಡತಿ, ಅದಕ್ಕೂ ಮೊದಲು ಗುಲಾಮಳು. ಇದನ್ನು ಮರೆತು ಈ ಕಲ್ಲನ್ನು ಬರಿಯ ಪ್ರೇಮದ ಗುರುತೆಂದು ಕೊಂಡಾಡುವುದು ಸರಿಯಲ್ಲ.

ಲ್ಯಾಟಿನ್ ಬರಹದಲ್ಲಿ ವ್ಯಾಕರಣದ ತಪ್ಪುಗಳಿವೆ. ಅದರ ಕೆಳಗೆ ಪಾಲ್ಮೀರದ ಲಿಪಿಯಲ್ಲಿ, ಪಳಗಿದ ಕೈಯಿಂದ ಕೊರೆದ ಒಂದೇ ಸಾಲು: "ರೆಜಿನಾ, ಬರಾಟೆಯ ಬಿಡುಗಡೆಯಾದವಳು, ಅಯ್ಯೋ." ಊರು, ವಯಸ್ಸು, ಸಂಬಂಧಗಳೆಲ್ಲ ಆಳುವವರ ನುಡಿಯಲ್ಲಿ, ಅಳು ಮಾತ್ರ ತನ್ನದರಲ್ಲಿ.

ಇಲ್ಲಿ ತೀರಿಕೊಂಡ ನಮ್ಮ ಹಿರಿಯರ ನೆನಪಿನ ಫಲಕಗಳಲ್ಲಿ ನಾನು ಕಂಡದ್ದು ಇಂಗ್ಲಿಷ್ ಅಕ್ಷರಗಳ ಹೆಸರು, ಎರಡು ತಾರೀಖು. ತವರೂರಿನ ಹೆಸರಾದರೂ ಕನ್ನಡದಲ್ಲಿರಲಿ ಎಂದರೆ, ಓದುವವರು ಯಾರು ಎಂಬ ಉತ್ತರ ಬರುತ್ತದೆ. ಆ ಕೋಟೆಯ ಊರಿನಲ್ಲಿ ಪಾಲ್ಮೀರದ ಲಿಪಿ ಬಲ್ಲವರು ಬಹಳ ಮಂದಿ ಇದ್ದಿರಲಾರರು. ಬರಾಟೆಸ್ ಆದರೂ ಬರೆಸಿದ.