ನಮ್ಮಮ್ಮ ಯಾವಾಗ ‘ವೆನರಬಲ್ ಇಂಡಿವಿಜುವಲ್’ ಆದಳು?

ನಿನ್ನೆ ಸಂಜೆಯಿಂದ ತಲೆ ಕೆಟ್ಟಿದೆ. ಯಾರ ಹತ್ತಿರವಾದರೂ ಜಗಳ ಆಡಬೇಕು ಅನ್ನಿಸ್ತಿದೆ. ಮನೆಯಲ್ಲಿ ಯಾರೂ ಸಿಗುತ್ತಿಲ್ಲ, ಅದಕ್ಕೇ ಇಲ್ಲಿಗೆ ಬಂದೆ.

ಅಣ್ಣನ ಮಗಳು ಮಂಗಳೂರಿನಲ್ಲಿ ಸ್ಟಾಫ್ ನರ್ಸ್ ಅಂತ ನಿಮಗೆ ಗೊತ್ತಲ್ಲ. ಇಂಗ್ಲೆಂಡಿಗೆ ಹೋಗೋ ಆಸೆ. ಅಲ್ಲಿನ ನರ್ಸಿಂಗ್ ಕೌನ್ಸಿಲ್ ಒಪ್ಪಬೇಕಾದರೆ ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆಯ ಸ್ಪೀಕಿಂಗ್‌ನಲ್ಲಿ 7 ಬ್ಯಾಂಡ್ (ಅಂಕದ ಮಟ್ಟ) ಬರಬೇಕು. ರಜೆ ಹಾಕಿ ನಮ್ಮನೆಗೆ ಬಂದಿದ್ದಾಳೆ. "ಚಿಕ್ಕಪ್ಪ, ಒಂದ್ಸಲ ಕೇಳಿಸ್ಕೊಳ್ಳಿ" ಅಂದಳು. ಪರೀಕ್ಷೆಯಲ್ಲಿ ವಿಷಯ ಬರೆದ ಕಾರ್ಡ್ ಕೊಡ್ತಾರೆ, ಅಂಥದ್ದೇ ಕಾರ್ಡಿನಲ್ಲಿ ಇದ್ದದ್ದು ಇಷ್ಟು: ನೀವು ಮೆಚ್ಚುವ ಹಿರಿಯರೊಬ್ಬರ ಬಗ್ಗೆ ಹೇಳಿ. ಯೋಚಿಸೋಕೆ ಒಂದು ನಿಮಿಷ, ಮಾತಾಡೋಕೆ ಎರಡು ನಿಮಿಷದವರೆಗೆ.

ಶುರು ಮಾಡಿದಳು. "ಮೈ ಗ್ರ್ಯಾಂಡ್‌ಮದರ್ ಈಸ್ ಎ ವೆನರಬಲ್ ಇಂಡಿವಿಜುವಲ್, ಹೂ ಆಕ್ಯುಪೈಸ್ ಎ ಪ್ಯಾರಮೌಂಟ್ ಪೊಸಿಷನ್..."

ಪೂಜ್ಯ ವ್ಯಕ್ತಿಯಂತೆ, ಪರಮೋಚ್ಚ ಸ್ಥಾನದಲ್ಲಿದ್ದಾಳಂತೆ! ಅದು ನಮ್ಮಮ್ಮ ಕಣ್ರೀ! ಅಡುಗೆಮನೆಯಲ್ಲಿ ಕೂತು ಹುಣಸೆಹಣ್ಣು ಬಿಡಿಸ್ತಾ ಇದ್ದಳು.

ಇದನ್ನೆಲ್ಲ ಹೇಳಿಕೊಟ್ಟದ್ದು ಕೋಚಿಂಗ್‌ನವರು. ಅವರು ಕೊಟ್ಟ ಪಟ್ಟಿ ನೋಡಿದೆ. ಎಡಗಡೆ ‘ಬಳಸಬೇಡಿ’, ಬಲಗಡೆ ‘ಬಳಸಿ’. ಗುಡ್ ಬೇಡ, ಬೆನಿಫಿಷಿಯಲ್ ಅನ್ನಿ. ಮೆನಿ ಬೇಡ, ಪ್ಲೆಥೊರಾ ಆಫ್ ಅನ್ನಿ. ಐ ಥಿಂಕ್ ಅಂದರೆ ಪಾಪ ಸುತ್ತಿಕೊಳ್ಳುತ್ತೆ, ಐ ಆಮ್ ಆಫ್ ದಿ ಒಪೀನಿಯನ್ ಅನ್ನಬೇಕು. ಇದಕ್ಕೆ ಅವರಿಟ್ಟ ಹೆಸರು ಪ್ಯಾರಫ್ರೇಸಿಂಗ್. ಪರೀಕ್ಷಕರು ಕೇಳಿದ ಪ್ರಶ್ನೆಯ ಒಂದೊಂದು ಪದವನ್ನೂ ಕಿತ್ತು, ಅಲ್ಲಿ ದಪ್ಪನೆಯ ಪದ ಕೂರಿಸೋದು. ಹೊರೆ ಹೊತ್ತ ಕತ್ತೆ ಹಾಗೆ ವಾಕ್ಯ ಒದ್ದಾಡಿಕೊಂಡು ನಡೆಯುತ್ತೆ.

ನಾನು ಸಿಟ್ಟಿನಲ್ಲಿ "ಕಾರ್ಡ್ ಪಕ್ಕಕ್ಕಿಡು, ಅಜ್ಜಿ ದೋಸೆ ಮಾಡೋದು ಹೇಳು, ಇಂಗ್ಲಿಷಿನಲ್ಲೇ" ಅಂದೆ. ಹೇಳ್ತಾ ಹೇಳ್ತಾ ಒರಳುಕಲ್ಲಿನ ಹತ್ತಿರ ಬಂದು ನಿಂತಳು. ಪದ ಗೊತ್ತಿಲ್ಲ. ಅರ್ಧ ಕ್ಷಣ ಅಷ್ಟೇ. "ದಟ್ ಬಿಗ್ ಸ್ಟೋನ್ ವಿತ್ ಎ ಹೋಲ್. ವಿ ಗ್ರೌಂಡ್ ದಿ ಬ್ಯಾಟರ್ ಇನ್ ಇಟ್, ಬಿಫೋರ್ ದಿ ಮಿಕ್ಸಿ ಕೇಮ್." ಅಂದವಳೇ ಮುಂದಕ್ಕೆ ಹೋದಳು.

ಅಷ್ಟೇ ರೀ ಪ್ಯಾರಫ್ರೇಸ್ ಅಂದರೆ! ಪದ ಸಿಗದಿದ್ದಾಗ ನಿಲ್ಲದೆ, ಪಕ್ಕದ ದಾರಿ ಹಿಡಿದು ಅರ್ಥ ಮುಟ್ಟಿಸೋದು. ಪರೀಕ್ಷೆಯವರು ಹೊರಗೆ ಹಾಕಿರುವ ಬ್ಯಾಂಡ್ ವಿವರಣೆ ಓದಿ. 4ನೇ ಬ್ಯಾಂಡ್‌ನವರು ಈ ಪ್ರಯತ್ನ ಮಾಡೋದೇ ಅಪರೂಪ. 5ರಲ್ಲಿ ಪ್ರಯತ್ನ ಇರುತ್ತೆ, ಕೆಲವು ಸಲ ಕೈಕೊಡುತ್ತೆ. 6ರಲ್ಲಿ ಸಾಮಾನ್ಯವಾಗಿ ಕೂಡಿಬರುತ್ತೆ. ಪ್ಲೆಥೊರಾ ಅನ್ನದವರಿಗೆ ಪ್ರವೇಶವಿಲ್ಲ ಅಂತ ಎಲ್ಲೂ ಬರೆದಿಲ್ಲ.

ಈಗ ಕಾಮೆಂಟಿನಲ್ಲಿ ಒಬ್ಬರು ಬಂದೇ ಬರ್ತೀರಿ: "ಸಾರ್, 7ನೇ ಬ್ಯಾಂಡ್‌ಗೆ ಅಪರೂಪದ ಪದ, ನುಡಿಗಟ್ಟು ಬೇಕು ಅಂತ ಅದೇ ವಿವರಣೆಯಲ್ಲಿ ಇದೆಯಲ್ಲ?" ಇದೆ. ಪೂರ್ತಿ ಓದಿ. ಸಂದರ್ಭಕ್ಕೆ ಹೊಂದುತ್ತಾ, ಪಕ್ಕದ ಪದದ ಜೊತೆ ಕೂರುತ್ತಾ ಅನ್ನೋ ಅರಿವೂ ಬೇಕು ಅಂತ ಅಲ್ಲೇ ಇದೆ. ದೋಸೆಯ ಮಾತಿಗೆ ಪ್ಯಾರಮೌಂಟ್ ಕೂರುತ್ತಾ? ಇನ್ನು ಪದಸಂಪತ್ತಿಗೆ ಇರೋದು ನಾಲ್ಕನೇ ಒಂದು ಪಾಲು ಅಂಕ ಮಾತ್ರ. ಸರಾಗವಾಗಿ ಮಾತಾಡೋದಕ್ಕೆ, ವ್ಯಾಕರಣಕ್ಕೆ, ಉಚ್ಚಾರಣೆಗೆ ಒಂದೊಂದು ಪಾಲು. ಬಲಗಡೆ ಪಟ್ಟಿಯಿಂದ ಪದ ಹುಡುಕ್ತಾ "ಆ... ಆ..." ಅಂತ ನಿಂತರೆ ಸರಾಗದ ಪಾಲು ಅಲ್ಲೇ ಸೋರಿಹೋಗುತ್ತೆ. ಉರು ಹೊಡೆದ ಮಾತನ್ನು ಹಿಡಿಯೋಕೆ ಪರೀಕ್ಷಕರಿಗೆ ತರಬೇತಿಯೂ ಇರುತ್ತೆ. ಸ್ಪೀಕಿಂಗ್ ಪರೀಕ್ಷೆಯ ಮೂರನೇ ಭಾಗದಲ್ಲಿ ಅವರೇ ನಮಗೆ ಅರ್ಥವಾಗದ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳ್ತಾರೆ, ಸುಲಭ ಮಾಡಿ! ಯಾರೂ ಕಷ್ಟ ಮಾಡಿ ಕೇಳಲ್ಲ.

ತಮಾಷೆ ನೋಡಿ, ಇದೇ ಹುಡುಗಿ ದಿನವೂ ವಾರ್ಡಿನಲ್ಲಿ ಮಾಡೋದು ಇದನ್ನೇ. ಡಾಕ್ಟರು ಫೈಲಿನಲ್ಲಿ ‘ಎನ್‌ಬಿಎಂ’ (ನಿಲ್ ಬೈ ಮೌತ್) ಅಂತ ಬರೆದು ಹೋಗ್ತಾರೆ. ಇವಳು ತುಳುವಿನಲ್ಲೋ ಕನ್ನಡದಲ್ಲೋ "ಅಜ್ಜ, ನಾಳೆ ಆಪರೇಷನ್ ಮುಗಿಯೋವರೆಗೆ ಬಾಯಿಗೆ ಏನೂ ಹಾಕ್ಬೇಡಿ, ಎಲೆಅಡಿಕೆಯೂ ಬೇಡ" ಅಂತಾಳೆ. ವೈದ್ಯಕೀಯದವರಿಗೆಂದೇ ಇರುವ ಒಇಟಿ ಪರೀಕ್ಷೆಯಲ್ಲಂತೂ ರೋಗಿಯ ಜೊತೆ ಹೀಗೆ ಮಾತಾಡಿ ತೋರಿಸೋದೇ ಸ್ಪೀಕಿಂಗ್ ಪರೀಕ್ಷೆ. ಇಂಥವಳಿಗೆ ಕೋಚಿಂಗ್‌ನವರು ದುಡ್ಡು ಇಸ್ಕೊಂಡು ಉಲ್ಟಾ ಕಲಿಸ್ತಿದ್ದಾರೆ.

ಅವರ ವ್ಯಾಪಾರ ಯಾಕೆ ನಡೆಯುತ್ತೆ ಅಂತ ನನಗೆ ಚೆನ್ನಾಗಿ ಗೊತ್ತು. ನಾನು ಇಷ್ಟು ವರ್ಷ ಇಂಗ್ಲಿಷ್ ಪಾಠ ಮಾಡಿದವನು. ಈಗಲೂ ಬೆಂಗಳೂರಿನ ದೊಡ್ಡ ಹೋಟೆಲಿನಲ್ಲಿ ರಿಸೆಪ್ಷನ್ ಹುಡುಗಿ ಇಂಗ್ಲಿಷಿನಲ್ಲಿ ಮಾತಾಡಿಸಿದರೆ ಎದೆಯೊಳಗೆ ಸಣ್ಣ ಅಳುಕು. ನಮ್ಮ ಸಾದಾ ಇಂಗ್ಲಿಷ್ ಸಾಲದು, ಯಾರೋ ನಗ್ತಾರೆ ಅನ್ನೋ ಅಳುಕು. ಕನ್ನಡ ಮೀಡಿಯಂನವರಿಗೆ ಇದು ಸುಲಭವಾಗಿ ಬಿಡಲ್ಲ. ಆ ಅಳುಕನ್ನೇ ಪಟ್ಟಿ ಮಾಡಿ, ಸ್ಪೈರಲ್ ಬೈಂಡ್ ಹಾಕಿ ಮಾರ್ತಾರೆ. ಅದಕ್ಕೇ ನನಗೆ ಇಷ್ಟು ಉರಿ.

ಇರಲಿ. ಸಹಾಯ ಬೇಕು. ಸಂಜೆ ಹೊತ್ತು ಫೋನಿನಲ್ಲಿ ಅರ್ಧ ಗಂಟೆ ಅವಳ ಜೊತೆ ಇಂಗ್ಲಿಷಿನಲ್ಲಿ ಹರಟೆ ಹೊಡೆಯೋರು ಯಾರಾದರೂ ಇದ್ದರೆ ಇನ್‌ಬಾಕ್ಸಿಗೆ ಬನ್ನಿ. ಅಡುಗೆ, ಬಸ್ಸು, ಕ್ರಿಕೆಟ್ಟು, ನೈಟ್ ಡ್ಯೂಟಿ, ಏನಾದರೂ ಆಗಬಹುದು. ಅವಳಿಗೆ ಪದ ಸಿಗದೆ ನಿಂತರೆ ನೀವು ಹೇಳಿಕೊಡಬೇಡಿ, ಸುಮ್ನೆ ಕಾಯಿರಿ. ಪ್ಲೆಥೊರಾ ಅನ್ನೋರು ಬರಬೇಡಿ.