ಯಾವ ಚಮಚ ಅಂತ ಕೇಳಿದರು

ಮೂರು ವರ್ಷದ ಮಗಳಿಗೆ ಎರಡು ದಿನದಿಂದ ಜ್ವರ. ಊರಿಂದ ಬರುವಾಗ ತಂದಿದ್ದ ಪ್ಯಾರಸಿಟಮಾಲ್ ಸಿರಪ್ ಕೊಡುತ್ತಿದ್ದೆ. ಜ್ವರ ಇಳಿದ ಹಾಗೆ ಮಾಡಿ ಮತ್ತೆ ಏರುತ್ತಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಏನು ಕೊಟ್ಟಿದ್ದೀರಿ, ಎಷ್ಟು ಕೊಟ್ಟಿದ್ದೀರಿ ಅಂತ ನರ್ಸ್ ಕೇಳಿದರು.

"ನಾಲ್ಕೈದು ಗಂಟೆಗೊಂದು ಸಲ, ಒಂದು ಚಮಚ" ಅಂದೆ.

ಬರೆಯುತ್ತಿದ್ದ ಕೈ ನಿಂತಿತು. ಯಾವ ಚಮಚ? ಆ ಸಿರಪ್‌ನ 5 ಎಂಎಲ್‌ನಲ್ಲಿ ಎಷ್ಟು ಮಿಲಿಗ್ರಾಂ ಔಷಧಿ ಇದೆ? ಮಗುವಿನ ತೂಕ ಎಷ್ಟು?

ಮೂರಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. "ಹದಿನಾಲ್ಕೋ ಹದಿನೈದೋ ಇರಬಹುದು" ಅಂದದ್ದನ್ನು ಅವರು ಬರೆದುಕೊಳ್ಳಲೇ ಇಲ್ಲ. ಮಗಳ ಶೂ ಬಿಚ್ಚಿಸಿ, ಜಾಕೆಟ್ ತೆಗೆಸಿ, ತೂಕದ ಮಷೀನ್ ಮೇಲೆ ನಿಲ್ಲಿಸಿದರು. ಅವಳು ನನ್ನ ಬೆರಳು ಹಿಡಿದುಕೊಂಡಿದ್ದಳು. ಅದನ್ನೂ ಬಿಡಿಸಿದರು. 14.2 ಕೆಜಿ. ಹಾಳೆಯ ಮೇಲೆ ಅದಕ್ಕಂತಲೇ ಒಂದು ಚೌಕ ಇತ್ತು. ಮಗಳ ಹೆಸರಿಗಿಂತ ದೊಡ್ಡದಾಗಿ ಆ ಅಂಕಿ ಅಲ್ಲಿ ಬಂತು.

ಆಮೇಲೆ ನನ್ನ ಚೀಲದಲ್ಲಿದ್ದ ಬಾಟಲಿ ತೆಗೆಸಿ ಲೇಬಲ್ ಓದಿದರು. 5 ಎಂಎಲ್‌ಗೆ 250 ಮಿಲಿಗ್ರಾಂ. ಮಕ್ಕಳಿಗೆ ಪ್ಯಾರಸಿಟಮಾಲ್ ಒಂದು ಸಲಕ್ಕೆ ಕೆಜಿಗೆ 10ರಿಂದ 15 ಮಿಲಿಗ್ರಾಂ. 14.2 ಕೆಜಿಗೆ ಜಾಸ್ತಿ ಅಂದರೆ 213. ನಾನು ಕೊಟ್ಟಿದ್ದು, ಚಮಚ ಸರಿಯಾಗಿ 5 ಎಂಎಲ್ ಹಿಡಿಯುತ್ತೆ ಅಂತಲೇ ಇಟ್ಟುಕೊಂಡರೂ, 250. ಅದೂ ರಾತ್ರಿ ಎಬ್ಬಿಸಿ ಎಬ್ಬಿಸಿ, ದಿನಕ್ಕೆ ಐದು ಸಲ. ಒಟ್ಟು 1250. ದಿನವೊಂದಕ್ಕೆ ಕೆಜಿಗೆ 75 ಮಿಲಿಗ್ರಾಂ ದಾಟಬಾರದು ಅನ್ನುತ್ತಾರೆ. ನನ್ನದು 88 ಆಗಿತ್ತು. ಡಾಕ್ಟರು ಲಿವರ್ ನೋಡಲು ರಕ್ತ ತೆಗೆಸಿದರು. ಎಲ್ಲ ಸರಿಯಿದೆ ಅನ್ನುವವರೆಗೆ ನಾನು ಕಾರಿಡಾರಿನಲ್ಲಿ ಕೂತಿರಲಾರದೆ ಓಡಾಡಿದೆ.

ಮನೆಗೆ ಕಳಿಸುವಾಗ ಒಂದು ಪ್ಲಾಸ್ಟಿಕ್ ಸಿರಿಂಜ್ ಕೈಗಿಟ್ಟರು. ಸೂಜಿ ಇಲ್ಲದ್ದು, ಬಾಯಿಗೆ ಔಷಧಿ ಹಾಕಲಿಕ್ಕೆ. ಅದರ ಮೇಲೆ 4ರ ಗೆರೆಗೆ ಪೆನ್ನಿನಿಂದ ಒಂದು ಗುರುತು ಹಾಕಿದ್ದರು. ಇಷ್ಟೇ, ಇದಕ್ಕಿಂತ ಜಾಸ್ತಿ ಬೇಡ.

ಅವತ್ತು ರಾತ್ರಿ ಮಗಳು ಮಲಗಿದ ಮೇಲೆ ಅಡುಗೆಮನೆಯಲ್ಲಿ ನಿಂತು ಒಂದು ಕೆಲಸ ಮಾಡಿದೆ. ಆ ಸಿರಿಂಜ್‌ನಲ್ಲಿ ನೀರು ತೆಗೆದುಕೊಂಡು ಡ್ರಾಯರ್‌ನಲ್ಲಿದ್ದ ಚಮಚಗಳನ್ನು ಒಂದೊಂದಾಗಿ ತುಂಬಿಸಿದೆ. ಒಂದು 4 ಎಂಎಲ್‌ಗೇ ತುಳುಕಿತು. ಇನ್ನೊಂದಕ್ಕೆ 7 ಹಿಡಿಯಿತು. ನಾನು ಎರಡು ದಿನ ಬಳಸಿದ್ದ ಚಮಚದಲ್ಲಿ 6. ಅಂದರೆ ಸಲಕ್ಕೆ 300 ಮಿಲಿಗ್ರಾಂ, ದಿನಕ್ಕೆ 1500. ಕೆಜಿಗೆ 105ರ ಮೇಲೆ. ಆಸ್ಪತ್ರೆಯಲ್ಲಿ ಹಾಕಿದ ಲೆಕ್ಕವೂ ಕಡಿಮೆಯೇ ಆಗಿತ್ತು. ತುಂಬಾ ಹೊತ್ತು ಆ ಚಮಚ ಹಿಡಿದುಕೊಂಡು ನಿಂತಿದ್ದೆ.

ಊರಲ್ಲಿ ಮಗುವಿಗೆ ಜ್ವರ ಅಂದರೆ ಫೋನಿನಲ್ಲೇ ಮಾತು ಮುಗಿಯುತ್ತೆ. ವಯಸ್ಸೆಷ್ಟು? ಮೂರಾ? ಒಂದು ಚಮಚ ಹಾಕು. ಒಂದೂವರೆಯಾ? ಅರ್ಧ ಚಮಚ ಸಾಕು. ನಾನು ಬೆಳೆದದ್ದೂ ಇದರಲ್ಲೇ, ಮಗಳಿಗೆ ಮಾಡಿದ್ದೂ ಇದನ್ನೇ. ಯಾವ ಸಿರಪ್ ಅಂತ ಯಾರೂ ಕೇಳುವುದಿಲ್ಲ. ಇದೇ ಔಷಧಿ ನಮ್ಮಲ್ಲಿ 5 ಎಂಎಲ್‌ಗೆ 120, 125 ಇರುವುದೂ ಸಿಗುತ್ತೆ, 250 ಇರುವುದೂ ಸಿಗುತ್ತೆ. ಚಿಕ್ಕ ಮಕ್ಕಳ ಡ್ರಾಪ್ಸ್‌ನಲ್ಲಿ ಒಂದೇ ಒಂದು ಎಂಎಲ್‌ಗೆ 100 ಇರುತ್ತೆ. ಚಿಕ್ಕ ಬಾಟಲಿ, ಚಿಕ್ಕ ಮಗು, ಹಾಗಾಗಿ ಸೌಮ್ಯ ಅಂದುಕೊಳ್ಳುತ್ತೇವೆ. ಅದನ್ನೇ ಯಾರಾದರೂ ಚಮಚಕ್ಕೆ ಸುರಿದರೆ 500 ಮಿಲಿಗ್ರಾಂ ಆಯಿತು, ದೊಡ್ಡವರ ಒಂದು ಮಾತ್ರೆ. ಬಾಯಿಮಾತಿನಲ್ಲಿ ಎಲ್ಲದಕ್ಕೂ ಒಂದೇ ಹೆಸರು, ಒಂದೇ ಚಮಚ.

ವಯಸ್ಸಿನ ಲೆಕ್ಕವೂ ಹಾಗೆಯೇ. ಮಗಳ ಜೊತೆ ಆಡುವ ಮಕ್ಕಳಲ್ಲೇ ನೋಡಿ, ಮೂರು ವರ್ಷದವರು 11 ಕೆಜಿಯವರೂ ಇದ್ದಾರೆ, 17 ಕೆಜಿಯವರೂ ಇದ್ದಾರೆ. ಕೆಜಿಗೆ 15ರಂತೆ ಒಬ್ಬರಿಗೆ 165, ಇನ್ನೊಬ್ಬರಿಗೆ 255. ಒಬ್ಬರಿಗೆ ಸಾಕಾಗುವುದು ಇನ್ನೊಬ್ಬರಿಗೆ ಜಾಸ್ತಿ. ಔಷಧಿ ಹೋಗುವುದು ಮೈಯೊಳಗೆ ಅಲ್ವಾ? ಹುಟ್ಟಿದ ತಾರೀಖಿಗೆ ಅಲ್ಲವಲ್ಲ.

ಇಲ್ಲಿ ಈ ತೂಕದ ವಿಷಯದಲ್ಲಿ ಎಷ್ಟು ಹಟ ಅಂದರೆ, ತೂಕ ಹಾಕಲು ಆಗದ ಹೊತ್ತಿಗೂ ದಾರಿ ಮಾಡಿಟ್ಟಿದ್ದಾರೆ. ಎಮರ್ಜೆನ್ಸಿ ಕೋಣೆಯ ಗೋಡೆಗೆ ಬಣ್ಣಬಣ್ಣದ ಉದ್ದ ಪಟ್ಟಿಯೊಂದು ನೇತುಹಾಕಿತ್ತು. ಏನಿದು ಅಂತ ಕೇಳಿದೆ. ಜೇಮ್ಸ್ ಬ್ರೋಸೆಲೋ ಅನ್ನುವ ಅಮೆರಿಕದ ಡಾಕ್ಟರ್ 1980ರ ದಶಕದಲ್ಲಿ ಮಾಡಿದ ಟೇಪ್ ಅಂತೆ. ಎಚ್ಚರ ತಪ್ಪಿ ಬಂದ ಮಗುವಿನ ಪಕ್ಕ ಅದನ್ನು ಹಾಸುತ್ತಾರೆ. ತುದಿ ತಲೆಗೆ ಸರಿಯಾಗಿ, ಹಿಮ್ಮಡಿ ಯಾವ ಬಣ್ಣಕ್ಕೆ ಬರುತ್ತೋ ಅದೇ ಆ ಮಗುವಿನ ಅಂದಾಜು ತೂಕ. ಯಾವ ಔಷಧಿ ಎಷ್ಟು ಅಂತ ಆ ಬಣ್ಣದ ಮೇಲೇ ಬರೆದಿರುತ್ತೆ. ಹೃದಯ ನಿಂತಾಗ ಕೊಡುವ ಅಡ್ರಿನಾಲಿನ್ ಕೆಜಿಗೆ 0.01 ಮಿಲಿಗ್ರಾಂ. ಆ ಗಾಬರಿಯಲ್ಲಿ ದಶಮಾಂಶ ಒಂದು ಮನೆ ಆಚೀಚೆ ಆದರೆ ಹತ್ತು ಪಟ್ಟು ವ್ಯತ್ಯಾಸ. ಅದಕ್ಕೇ ಲೆಕ್ಕವನ್ನು ಮೊದಲೇ ಮಾಡಿ ಇಟ್ಟಿರುವುದು.

ಇದೆಲ್ಲ ಮಕ್ಕಳಿಗೆ ಮಾತ್ರ ಅಂದುಕೊಂಡಿದ್ದೆ. ಅಮ್ಮ ಬಂದಿದ್ದಾಗ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ನೋವಿಗೆ ಡ್ರಿಪ್‌ನಲ್ಲಿ ಪ್ಯಾರಸಿಟಮಾಲ್ ಹಾಕುವ ಮುಂಚೆ ಅವರನ್ನೂ ತೂಕಕ್ಕೆ ನಿಲ್ಲಿಸಿದರು. "ನಾನೇನು ಮಗುವೇನೋ?" ಅಂತ ಅಮ್ಮ ನನ್ನ ಮುಖ ನೋಡಿದರು. 38 ಕೆಜಿ. 50 ಕೆಜಿಗಿಂತ ಕಡಿಮೆ ಇದ್ದವರಿಗೆ ಪೂರ್ತಿ 1 ಗ್ರಾಂ ಬಾಟಲಿ ಹಾಕುವುದಿಲ್ಲವಂತೆ, ಅವರಿಗೂ ಕೆಜಿಗೆ 15 ಮಿಲಿಗ್ರಾಂ. ಅಮ್ಮನಿಗೆ 570. ಊರಲ್ಲಿ ಮಂಡಿನೋವು ಅಂತ ಅಮ್ಮ 500ರ ಎರಡೆರಡು ಮಾತ್ರೆ ಮೂರು ಹೊತ್ತು ತಗೊಳ್ಳುತ್ತಿದ್ದದ್ದು ನನಗೆ ಗೊತ್ತಿತ್ತು. ಎದುರು ಮನೆಯ 80 ಕೆಜಿಯವರೂ ಅಷ್ಟೇ ತಗೊಳ್ಳುತ್ತಿದ್ದರು. ದೊಡ್ಡವರು ಅಂದಮೇಲೆ ದೊಡ್ಡವರು, ಅಷ್ಟೇ ನಮ್ಮ ಲೆಕ್ಕ. ವಯಸ್ಸಾಗಿ ಮೈ ಇಳಿದ ಅಮ್ಮಂದಿರನ್ನು ಯಾರೂ ಮತ್ತೆ ತೂಗಿ ನೋಡುವುದಿಲ್ಲ. ಇದು ನೆನಪಾದಾಗಲೆಲ್ಲ ಊರಿನ ಮೇಲೆ ಸಿಟ್ಟು ಬರುತ್ತೆ, ನನ್ನ ಮೇಲೂ.

ಹಾಗಂತ ವಯಸ್ಸಿನ ಲೆಕ್ಕ ಪೂರ್ತಿ ಕುರುಡು ಅನ್ನೋಕಾಗಲ್ಲ. ಹಳೆಯ ಕಾಲದಲ್ಲಿ ಯಂಗ್ ಸೂತ್ರ ಅಂತ ಒಂದಿತ್ತು. ಮಗುವಿನ ವಯಸ್ಸನ್ನು, ವಯಸ್ಸಿಗೆ 12 ಕೂಡಿಸಿ ಬಂದ ಸಂಖ್ಯೆಯಿಂದ ಭಾಗಿಸಬೇಕು. ದೊಡ್ಡವರ ಡೋಸ್‌ನಲ್ಲಿ ಅಷ್ಟು ಪಾಲು ಮಗುವಿಗೆ. ಮೂರು ವರ್ಷಕ್ಕೆ ಹದಿನೈದರಲ್ಲಿ ಮೂರು, ಅಂದರೆ ಐದನೇ ಒಂದು ಪಾಲು. 1000ದಲ್ಲಿ 200. ನನ್ನ ಮಗಳಿಗೆ ತೂಕದಿಂದ ಬಂದದ್ದು 213. ಸಾಧಾರಣ ಮೈಕಟ್ಟಿನ ಮಗುವಿಗೆ ಅದು ಸುಮಾರಾಗಿ ಸರಿಯೇ. ಬ್ರಿಟನ್ನಿನಲ್ಲಿ ಇವತ್ತಿಗೂ ಪ್ಯಾರಸಿಟಮಾಲ್ ಸಿರಪ್ ಡಬ್ಬಿಯ ಮೇಲೆ ವಯಸ್ಸಿನ ಪಟ್ಟಿಯೇ ಇರುತ್ತೆ. ಆದರೆ ಅಲ್ಲಿ ಎಷ್ಟು ಎಂಎಲ್ ಅಂತ ಬರೆದಿರುತ್ತೆ.

ತೂಕ ಒಂದೇ ಎಲ್ಲ ಹೇಳುವುದೂ ಇಲ್ಲ. ಹಸುಗೂಸಿನ ಲಿವರ್, ಕಿಡ್ನಿ ಇನ್ನೂ ಬಲಿತಿರುವುದಿಲ್ಲ. 1950ರ ದಶಕದಲ್ಲಿ ಕ್ಲೋರಾಂಫೆನಿಕಾಲ್ ಅನ್ನುವ ಆಂಟಿಬಯೋಟಿಕ್ ಕೊಟ್ಟ ನವಜಾತ ಶಿಶುಗಳು ಮೈ ಬೂದಿಬಣ್ಣಕ್ಕೆ ತಿರುಗಿ ತೀರಿಕೊಂಡವು. ಆ ಎಳೆಯ ಲಿವರ್‌ಗಳಿಗೆ ಔಷಧಿಯನ್ನು ಕರಗಿಸಿ ಹೊರಹಾಕಲು ಆಗಿರಲಿಲ್ಲ. ಮಗುವನ್ನು ನೋಡುವ ಕಣ್ಣೂ ಬೇಕು. ಆ ಕಣ್ಣು ಊರಿನ ಡಾಕ್ಟರಿಗೆ ಇತ್ತು. ಹಣೆ ಮುಟ್ಟಿ, ನಾಲಿಗೆ ನೋಡಿ, ತೊಡೆ ಒತ್ತಿ, "ಇವಳು ಸಣಕಲಿ, ಇವಳಿಗೆ ಮುಕ್ಕಾಲೇ ಸಾಕು" ಅನ್ನುತ್ತಿದ್ದರು. ಇಲ್ಲಿ ಅವತ್ತು ಮಗಳ ಹಣೆಯನ್ನು ಯಾರೂ ಕೈಯಿಂದ ಮುಟ್ಟಲಿಲ್ಲ. ಅದು ಆಗಲೂ ನನಗೆ ಕಾಡಿತು, ಈಗಲೂ ಕಾಡುತ್ತೆ.

ಕಳೆದ ತಿಂಗಳು ಅಕ್ಕ ಫೋನ್ ಮಾಡಿದಳು. ಅವಳ ಮೊಮ್ಮಗನಿಗೆ ಜ್ವರ. "ಒಂದು ಚಮಚ ಹಾಕಿದ್ದೀನಿ ಕಣೋ" ಅಂದಳು. ನನಗೆ ತಡೆಯಲಾಗಲಿಲ್ಲ, ಯಾವ ಚಮಚ, ಎಷ್ಟು ಕೆಜಿ ಅಂತ ಶುರು ಮಾಡಿದೆ. ಊರಿನ ಡಾಕ್ಟರುಗಳಿಗೆ ಇದೆಲ್ಲ ಗೊತ್ತೇ ಇಲ್ಲ ಅಂತಲೂ ಅಂದುಬಿಟ್ಟೆ. ಅಕ್ಕ ಏನೂ ಹೇಳಲಿಲ್ಲ. ಚೀಟಿಯ ಫೋಟೋ ಕಳಿಸಿದಳು.

ಚೀಟಿಯ ಎಡಮೂಲೆಯಲ್ಲಿ, ಹೆಸರಿಗೂ ಮುಂಚೆ, ಬರೆದಿತ್ತು: 11.4 ಕೆಜಿ. ಕೆಳಗೆ ಸಿರಪ್ ಹೆಸರು, 5 ಎಂಎಲ್‌ಗೆ 125 ಮಿಲಿಗ್ರಾಂ, ಸಲಕ್ಕೆ 6.5 ಎಂಎಲ್, ಆರು ಗಂಟೆಗೊಮ್ಮೆ. ಲೆಕ್ಕ ಹಾಕಿ ನೋಡಿದೆ. ಕೆಜಿಗೆ 14 ಚಿಲ್ಲರೆ. ಡಾಕ್ಟರು ಸರಿಯಾಗಿಯೇ ತೂಗಿದ್ದರು, ಸರಿಯಾಗಿಯೇ ಬರೆದಿದ್ದರು. ಅದು ಚಮಚ ಆದದ್ದು ಮನೆಗೆ ಬಂದ ಮೇಲೆ.

ಅಕ್ಕನಿಗೆ ತಿರುಗಿ ಫೋನ್ ಮಾಡಿ ತಪ್ಪಾಯ್ತು ಅಂದೆ. "ಅದಿರಲಿ, ಆರೂವರೆಗೆ ಗೆರೆ ಎಲ್ಲಿರುತ್ತೆ ಹೇಳು" ಅಂದಳು. ಬಾಟಲಿ ಮುಚ್ಚಳದ ಮೇಲಿದ್ದ ಅಳತೆ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದಳಂತೆ. ಅದರಲ್ಲಿ 5ಕ್ಕೆ ಒಂದು ಗೆರೆ, 10ಕ್ಕೆ ಒಂದು ಗೆರೆ, ನಡುವೆ ಏನೂ ಇಲ್ಲ. ಹತ್ತು ಎಂಎಲ್ ಸಿರಿಂಜ್ ಒಂದು ತರಿಸು, ಸೂಜಿ ಬೇಡ ಅನ್ನು, ಅಂದೆ. ಅಳಿಯನನ್ನು ಕಳಿಸಿದಳು. ಅವನು ಬರುವವರೆಗೆ ಫೋನ್ ಇಡಲಿಲ್ಲ.